ದೊಡ್ಡತಾಯಮ್ಮ ಮೋಟಾರ್ ಸರ್ವಿಸ್

ಏಪ್ರಿಲ್ 17, ಗುರುವಾರ

ಮಾತಾಡುವಂತಿಲ್ಲ. ಪಿಸುಗುಟ್ಟುವಂತೆಯೂ ಇಲ್ಲ. ಪಿಸುಮಾತಿಗೆ ಗಂಟಲು ಇನ್ನೂ ಹೆಚ್ಚು ಬಿಗಿಯುತ್ತದಂತೆ. ಸ್ವರತಂತುವಿನ ಮೇಲಿದ್ದ ಗಂಟನ್ನು ತೆಗೆದ ಡಾಕ್ಟರು, "ಟೀಚರ್, ಕೆಮ್ಮಿದರೂ ಮೆಲ್ಲಗೆ ಕೆಮ್ಮಿ" ಎಂದು ಬೇಡಿಕೊಳ್ಳುವಂತೆ ಹೇಳಿದರು. ಈ ತಿಂಗಳು ಮುಗಿಯುವವರೆಗೆ ಹೀಗೆಯೇ. ಆಮೇಲೆ ಸ್ವರ ಹೇಗೆ ಬರುತ್ತದೆ ಎಂದು ಸ್ಲೇಟಿನಲ್ಲಿ ಬರೆದು ಕೇಳಿದೆ. "ಬಂದಾಗ ನೋಡೋಣ" ಎಂದರು. ಹಾಗೆಂದರೆ ಏನರ್ಥ? ಕೆ.ಆರ್. ನಗರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು ನಾನು. ನನ್ನ ಪಾಠ ಹೊರಗಿನ ಮೈದಾನಕ್ಕೂ ಕೇಳುತ್ತದೆ ಎಂದು ಹೆಡ್‌ಮಾಸ್ಟರು ಹೆಮ್ಮೆಯಿಂದ ಹೇಳುತ್ತಿದ್ದರು. ಅದಕ್ಕೇ ಗಂಟಾಯಿತಂತೆ.

ಮನೆಯಲ್ಲಿದ್ದರೆ ನಾನು ಬಾಯಿ ಮುಚ್ಚುವುದಿಲ್ಲ ಎಂದು ನಮ್ಮವರು ಆಸ್ಪತ್ರೆಯಿಂದ ನೇರ ತವರಿಗೇ ತಂದು ಬಿಟ್ಟರು. ರಾವಂದೂರಿನಿಂದ ಒಳಗಿನ ಊರು. ಇಲ್ಲಿರುವವರು ಮೂರೇ ಜನ. ಅವ್ವನಿಗೆ ಕಿವಿ ಮಂದ, ಓದೂ ಬಾರದು. ನನಗೆ ಮಾತಿಲ್ಲ, ಇರುವುದು ಸ್ಲೇಟು ಮಾತ್ರ. ನಮ್ಮಿಬ್ಬರನ್ನು ಎದುರುಬದುರು ಕೂರಿಸಿ ಭಾಗ್ಯ ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿದ್ದರಾಜಣ್ಣ ಎಂದಿನಂತೆ "ಬಂದ್ಯಾ?" ಎಂದು ಕೇಳಿ ಹೊಲಕ್ಕೆ ಹೋದ. ಅವನಿಗೆ ಮೊದಲಿನಿಂದಲೂ ಮಾತಿಲ್ಲ. ಅವನ ಮದುವೆಯ ಮಾತುಕತೆಯಲ್ಲೂ ಹುಡುಗಿ ಮನೆಯವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವಳು ನಾನೇ.

ಏಪ್ರಿಲ್ 18, ಶುಕ್ರವಾರ

ಸ್ಲೇಟು ಸಾಲುವುದಿಲ್ಲ. ಸಾರಿಗೆ ಉಪ್ಪು ಹೆಚ್ಚು ಎಂದು ಬರೆಯುವಷ್ಟರಲ್ಲಿ ಅತ್ತಿಗೆ ಪಾತ್ರೆ ತೊಳೆಯಲು ಹೋಗಿದ್ದರು. ಹೊಗೆಸೊಪ್ಪಿನ ಸಸಿಮಡಿಗೆ ನೀರು ಬಿಡುವ ಹೊತ್ತು ಅದಲ್ಲ ಎಂದು ಅಣ್ಣನಿಗೆ ಬರೆದು ತೋರಿಸಿದೆ. ಓದಿ, ತಲೆಯಾಡಿಸಿ, ಆಗಲೇ ನೀರು ಬಿಟ್ಟ. ತಲೆ ಸಿಡಿಯುತ್ತಿದೆ.

ಏಪ್ರಿಲ್ 21, ಸೋಮವಾರ

ಇವತ್ತು ಶೆಡ್ಡು ನೋಡಿದೆ.

ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಪಕ್ಕದಲ್ಲಿ ಸೊಪ್ಪು ಪೋಣಿಸುವ ಶೀಟಿನ ಶೆಡ್ಡೊಂದಿದೆ. ಸೊಪ್ಪು ಮುರಿಯುವ ಕಾಲ ಬರುವವರೆಗೆ ಅದು ಖಾಲಿ. ಅಣ್ಣ ಅಲ್ಲಿ "ಬಸ್ ಆಟ ಆಡ್ತಾನೆ" ಎಂದು ಅತ್ತಿಗೆ ಫೋನಿನಲ್ಲಿ ಹೇಳಿದ್ದುಂಟು. ಒಂದೆರಡು ಆಟಿಕೆ ಇರಬಹುದು ಎಂದುಕೊಂಡಿದ್ದೆ.

ಅದೊಂದು ಡಿಪೋ. ಸಾಲಾಗಿ ನಿಂತ ಬಸ್ಸುಗಳು, ಒಂದೊಂದೂ ಮೊಳದುದ್ದ. ಹಾಲಿನ ಬಿಳುಪಿಗೆ ಕೆಳಗೆ ಮಾವಿನೆಲೆ ಹಸಿರಿನ ಪಟ್ಟಿ. ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ "ದೊಡ್ಡತಾಯಮ್ಮ ಮೋಟಾರ್ ಸರ್ವಿಸ್". ನಮ್ಮವ್ವನ ಹೆಸರು! ನಾನು ಬಾಗಿಲಲ್ಲೇ ನಿಂತೆ. ಇಂಥ ಹೊತ್ತಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡಿರುವುದು ಎಂಥ ಶಿಕ್ಷೆ.

ಹತ್ತಿರ ಹೋಗಿ ಬಗ್ಗಿ ನೋಡಿದೆ. ಮೈಯೆಲ್ಲ ಫೋಮ್ ಶೀಟು. ಕಿಟಕಿಯ ಗಾಜು ಅಂಗಿ ಡಬ್ಬಿಯ ಪ್ಲಾಸ್ಟಿಕ್ಕು. ಟಯರು ಸವೆದ ಹವಾಯಿ ಚಪ್ಪಲಿಯಿಂದ ಕೊಯ್ದದ್ದು. ಹಿಂದಿನ ಏಣಿ ಪೊರಕೆ ಕಡ್ಡಿಯದು. ಸೀಟುಗಳಿಗೆ ರೆಕ್ಸಿನ್ ಹೊದಿಕೆ ಇದೆ, ಡ್ರೈವರ್ ತಲೆಯ ಮೇಲೆ ಅಗುಳಿನಷ್ಟು ಚಿಕ್ಕ ದೇವರ ಪಟ ಇದೆ, ಪಟಕ್ಕೆ ದಾರದ ಹಾರವೂ ಇದೆ. ಒಳಗೆ ಮೋಟಾರು ಕೂರಿಸಿದ್ದಾನೆ. ಕೈಯಲ್ಲಿ ರಿಮೋಟು ಹಿಡಿದರೆ ಓಡುತ್ತದೆ, ತಿರುಗುತ್ತದೆ, ಇಂಡಿಕೇಟರ್ ಹಾಕುತ್ತದೆ. ನೆಲದ ಮೇಲೆ ಸುಣ್ಣದಲ್ಲಿ ಎಳೆದ ರಸ್ತೆಗಳು. ನಡುವೆ ಹುಣಸೂರು, ಬಾಗಿಲ ಕಡೆ ಕೆ.ಆರ್. ನಗರ, ಗೋಡೆ ಪಕ್ಕ ಬಿಳಿಕೆರೆ, ದೂರದ ಮೂಲೆಯಲ್ಲಿ ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್. ಒಂದೊಂದು ಊರಿಗೂ ಒಂದೊಂದು ಇಟ್ಟಿಗೆ.

ಒಂದು ಬಸ್ಸಿನ ಬೋರ್ಡಿನಲ್ಲಿ "ಪಿ.ಪಟ್ಣ" ಎಂದಿತ್ತು. ಸ್ಲೇಟಿನಲ್ಲಿ ದಪ್ಪಗೆ "ಪಿರಿಯಾಪಟ್ಟಣ" ಎಂದು ಬರೆದು ತೋರಿಸಿದೆ. ಅಣ್ಣ ನೋಡಿ, "ಅಷ್ಟುದ್ದ ಬರೆದ್ರೆ ಬೋರ್ಡಲ್ಲಿ ಜಾಗ ಎಲ್ಲವ್ವ?" ಎಂದು ಪೇಂಟಿನ ಡಬ್ಬಿಯ ಮುಚ್ಚಳ ಹಾಕಿದ.

ರಾತ್ರಿ ಊಟಕ್ಕೆ ಕೂತಾಗ ಅವ್ವ ನನಗೆ ಹೇಳಿದಳು: "ನೋಡ್ದ್ಯಾ ಮಗ? ನನ್ ಹೆಸ್ರಲ್ಲಿ ಒಂದ್ ಕುರಿನೂ ಇಲ್ಲ. ಬಸ್ ಅವೆ!"

ಏಪ್ರಿಲ್ 24, ಗುರುವಾರ

ಬೇರೆ ಕೆಲಸವಿಲ್ಲ, ಶೆಡ್ಡಿಗೆ ಹೋಗಿ ಕೂರುತ್ತೇನೆ. ಮೊದಲ ದಿನ ಅಣ್ಣ ಸುಮ್ಮನೆ ಕೆಲಸ ಮಾಡಿದ. ಎರಡನೆಯ ದಿನವೂ ಅಷ್ಟೇ. ಸ್ಲೇಟು ಮನೆಯಲ್ಲೇ ಬಿಟ್ಟು ಬಂದಿದ್ದೆ, ಎದ್ದು ಹೋಗಿ ತರಲು ಬೇಸರ. ಇವತ್ತು, ಹೊಸ ಬಸ್ಸಿಗೆ ವೈರು ಕೂರಿಸುತ್ತ, ತನ್ನಷ್ಟಕ್ಕೆ ಶುರು ಮಾಡಿದ.

"ಈ ಗಾಡಿಗೆ ಡ್ರೈವರು ಹುಚ್ಚಯ್ಯ ಅಂತ. ಒಳ್ಳೆ ಕೈ. ಆದ್ರೆ ಹಾರನ್ ಹೊಡೆಯಕ್ಕೆ ನಾಚ್ಕತಾನೆ. ದನ ಅಡ್ಡ ಬಂದ್ರೆ ನಿಲ್ಲಿಸ್ಕಂಡು ಕಾಯ್ತಾನೆ. ಪ್ಯಾಸೆಂಜರ್ ಬೈತರೆ. ಬೈದ್ರೆ ಬೈಲಿ ಅಂತಾನೆ."

ಹುಚ್ಚಯ್ಯ ಎಂಬುವನು ಎಲ್ಲೂ ಇಲ್ಲ. ಅಣ್ಣ ಮಾಡಿಕೊಂಡ ಮನುಷ್ಯ. ಪ್ರತಿ ಬಸ್ಸಿಗೂ ಹೀಗೆ ಒಬ್ಬೊಬ್ಬ ಡ್ರೈವರ್ ಇದ್ದಾನೆ. ಅಂಕಯ್ಯ ಎಂಬ ಇನ್ನೊಬ್ಬನಿಗೆ ಮುಂಗೋಪ, ಹಿಂದಿನ ಗಾಡಿ ಮುಂದೆ ಹೋದರೆ ಸಹಿಸುವುದಿಲ್ಲ. ಅವನಿಗೆ ಬುದ್ಧಿ ಹೇಳಲೆಂದೇ ಚೆಲುವಮ್ಮ ಎಂಬ ಕಂಡಕ್ಟರನ್ನು ಆ ಬಸ್ಸಿಗೆ ಹಾಕಿದ್ದಾನಂತೆ. ಬಿಳಿಕೆರೆಯಲ್ಲಿ ಅವರಿಬ್ಬರಿಗೂ ಜಗಳವಾದ ಕಥೆಯನ್ನು ಇಬ್ಬರ ದನಿಯಲ್ಲೂ ಹೇಳಿದ. ನಗು ತಡೆಯಲಾಗಲಿಲ್ಲ. ನಗುವುದಕ್ಕೂ ಡಾಕ್ಟರು ಬೇಡ ಎಂದಿದ್ದಾರೆ. ಸೆರಗು ಬಾಯಿಗೊತ್ತಿಕೊಂಡೆ.

ಕಂಪನಿಗೆ ಒಂದೇ ಕಾನೂನು. "ಯಾರೇ ಕೈ ಎತ್ಲಿ, ಎಲ್ಲೇ ಎತ್ಲಿ, ನಿಲ್ಲಿಸ್ಬೇಕು. ಸೀಟಿಲ್ಲ ಅನ್ನಂಗಿಲ್ಲ."

ನನ್ನ ಅಣ್ಣನಿಗೆ ಇಷ್ಟೊಂದು ಮಾತು ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಏಪ್ರಿಲ್ 30, ಬುಧವಾರ

ಮೈಸೂರಿಗೆ ಹೋಗಿ ತೋರಿಸಿಕೊಂಡು ಬಂದೆ. ಡಾಕ್ಟರು "ಆ" ಅನ್ನಿ ಎಂದರು. ಅಂದೆ. ಒಡೆದ ಕೊಳಲಿನಿಂದ ಗಾಳಿ ಸೋರಿದಂತೆ ಒಂದು ಸದ್ದು ಬಂತು. ಅದು ನನ್ನದಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪ, ಹತ್ತಿರ ಕೂತವರ ಜೊತೆ ಮಾತ್ರ ಮಾತಾಡಬಹುದಂತೆ. ಕೂಗಲೇಬಾರದು. ಕೂಗಿದರೆ ಮತ್ತೆ ಮೊದಲಿನಿಂದ.

ಶಾಲೆ ಶುರುವಾಗುವುದು ಮೇ ಕೊನೆಗೆ. ದೊಡ್ಡ ಕ್ಲಾಸು. ಈ ದನಿ ಮೊದಲ ಬೆಂಚೂ ದಾಟುವುದಿಲ್ಲ.

ಬಸ್ಸಿನಲ್ಲಿ ಅತ್ತುಕೊಂಡು ಬಂದೆ. ಜೊತೆಗೆ ಬಂದಿದ್ದ ಅತ್ತಿಗೆ ಕೈ ಹಿಡಿದುಕೊಂಡಿದ್ದರು.

ಮೇ 4, ಭಾನುವಾರ

ಮನೆಯಲ್ಲಿ ಗಲಾಟೆ. ಅಣ್ಣ ಬಸ್ ಓಡಿಸುವುದನ್ನು ಅತ್ತಿಗೆ ಯಾವಾಗಲೋ ಮೊಬೈಲಿನಲ್ಲಿ ವಿಡಿಯೋ ಹಿಡಿದು, ಅವನಿಗೆ ಹೇಳದೆ ಎಲ್ಲರಿಗೂ ಕಳಿಸಿಬಿಟ್ಟಿದ್ದಾರೆ. ಅದು ಊರೂರು ಸುತ್ತಿ ಎಚ್.ಡಿ. ಕೋಟೆಯ ಸುನೀಲ್‌ಕುಮಾರ್ ಎಂಬ ಹುಡುಗನಿಗೆ ಸಿಕ್ಕಿದೆ. ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾನೆ, ಬಸ್ಸೆಂದರೆ ಪ್ರಾಣವಂತೆ. ಇವತ್ತು ಫೋನು ಮಾಡಿದ. ಅಣ್ಣ ಸ್ಪೀಕರಿಗೆ ಹಾಕಿದ.

"ಅಣ್ಣ, ನಿಮ್ ಗಾಡಿ ನೋಡಿ ಬಿದ್ದೋದೆ ಕಣಣ್ಣ! ಆ ಬಂಪರ್ ಎಂಗ್ ಮಾಡುದ್ರಿ? ಇಪ್ಪತ್ತೈದನೇ ತಾರೀಕು ಹುಣಸೂರಲ್ಲಿ ನಮ್ ಬಸ್ ಬಳಗದೋರೆಲ್ಲ ಸೇರ್ತಾ ಇದೀವಿ. ಚೌಟ್ರಿ ಬುಕ್ಕಾಗದೆ. ನೀವು ಎಲ್ಲ ಗಾಡಿ ತರ್ಬೇಕು. ಬಂದೋರ ಮುಂದೆ ನಾಕ್ ಮಾತಾಡ್ಬೇಕು."

"ಗಾಡಿ ಬೇಕಾರೆ ತತ್ತೀನಿ. ಮಾತು ಬ್ಯಾಡಿ."

"ನಾಕೇ ನಾಕು ಮಾತಣ್ಣ!"

ಫೋನಿಟ್ಟ ಮೇಲೆ ಅಣ್ಣ ಅತ್ತಿಗೆಯನ್ನು ನೋಡಿದ ನೋಟಕ್ಕೆ ಬೇರೆ ಯಾರಾದರೂ ಹೆದರುತ್ತಿದ್ದರು. ಅತ್ತಿಗೆ ಬಗ್ಗಲಿಲ್ಲ. "ನಾನೊಬ್ಳೇ ನೋಡ್ಕಂಡ್ ಕೂತಿರ್ಬೇಕಾ? ನಾಕ್ ಜನ ನೋಡ್ಲಿ ಬುಡಿ" ಎಂದರು. ಆಮೇಲೆ ಅಣ್ಣ ನನ್ನ ಕಡೆ ತಿರುಗಿ, "ಅಷ್ಟೊತ್ಗೆ ನಿನ್ ಗಂಟ್ಲು ಸರ್ಯಾದ್ರೆ ನೀನೇ ಮಾತಾಡ್ಬುಡವ್ವ" ಎಂದ. ಆಗಲಿ ಎಂದು ತಲೆಯಾಡಿಸಿದೆ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಸಿದ್ಧ ಮಾಡತೊಡಗಿದ್ದೇನೆ.

ಮೇ 9, ಶುಕ್ರವಾರ

ಇವತ್ತಿನದನ್ನು ಇವತ್ತೇ ಬರೆದಿಡಬೇಕು.

ಅಣ್ಣ ಗೊಬ್ಬರ ತರಲು ಪಿರಿಯಾಪಟ್ಟಣಕ್ಕೆ ಹೋಗಿದ್ದ. ಅತ್ತಿಗೆ ಕೆಳಗಿನ ಹೊಲದಲ್ಲಿದ್ದರು. ಮಧ್ಯಾಹ್ನದ ಬಿಸಿಲು ಇದ್ದಕ್ಕಿದ್ದಂತೆ ಹಳದಿಗೆ ತಿರುಗಿತು. ಪಡುವಣದಿಂದ ಧೂಳಿನ ಗೋಡೆಯೊಂದು ಎದ್ದು ಬರುತ್ತಿರುವುದು ಕಂಡಿತು. ಶೆಡ್ಡಿನ ಒಂದು ಶೀಟಿನ ಮೊಳೆ ಸಡಿಲವಾಗಿದೆ ಎಂದು ಅಣ್ಣ ಮೊನ್ನೆಯಷ್ಟೇ ಹೇಳಿದ್ದ. ಆ ಶೀಟು ಪಟಪಟ ಬಡಿದುಕೊಳ್ಳತೊಡಗಿತು.

ಅತ್ತಿಗೇ ಎಂದು ಕೂಗಲು ಬಾಯಿ ತೆರೆದೆ. ಎದೆಯವರೆಗೂ ಕೂಗು ಬಂದಿತ್ತು. ಡಾಕ್ಟರ ಮುಖ ನೆನಪಾಗಿ ಹಲ್ಲು ಕಚ್ಚಿದೆ. ಅಡುಗೆಮನೆಗೆ ಓಡಿ ದೊಡ್ಡ ತಟ್ಟೆ, ಸೌಟು ತಂದು ಅಂಗಳದಲ್ಲಿ ನಿಂತು ಬಡಿದೆ. ತೋಳು ಸೋಲುವವರೆಗೂ ಬಡಿದೆ. ಕೆಳಗಿನ ಹೊಲದಲ್ಲಿ ಅತ್ತಿಗೆ ತಲೆಯೆತ್ತಿ ನೋಡಿ, ಕುಡುಗೋಲು ಎಸೆದು ಓಡಿ ಬಂದರು.

ಅಷ್ಟರಲ್ಲಿ ಆಲಿಕಲ್ಲು ಶುರುವಾಯಿತು. ಇಬ್ಬರೂ ಶೆಡ್ಡಿಗೆ ನುಗ್ಗಿದೆವು. ಮಂಕರಿ ಬುಟ್ಟಿಗೆ ಎರಡೆರಡು ಬಸ್ಸು ತುಂಬಿಕೊಂಡು ಮನೆಗೆ ಓಡುವುದು, ಇಳಿಸುವುದು, ಮತ್ತೆ ಓಡುವುದು. ಎರಡನೆಯ ಸಲ ಬಂದಾಗ ನೋಡಿದರೆ ಅವ್ವ! ಗಾಳಿಯ ಸದ್ದು ಅವಳಿಗೆ ಕೇಳಿಸಿತೋ ಇಲ್ಲವೋ, ನಮ್ಮ ಹಿಂದೆಯೇ ಬಂದು ಒಂದು ಬಸ್ಸನ್ನು ಎತ್ತಿ ಸೆರಗಿನೊಳಗೆ ಮುಚ್ಚಿಕೊಂಡು, ಕೂಸನ್ನು ಎತ್ತಿಕೊಂಡವಳಂತೆ ಬಗ್ಗಿ ನಡೆಯುತ್ತಿದ್ದಳು. "ತಲೆ ಮ್ಯಾಲೆ ಕಲ್ ಬೀಳ್ತವೆ, ಒಳಕ್ ನಡಿಯವ್ವೋ!" ಎಂದು ಅತ್ತಿಗೆ ಕೂಗಿದರು. ಅವ್ವ ನಡೆದದ್ದು ತನ್ನ ನಡಿಗೆಯಲ್ಲೇ.

ಕೊನೆಯ ಸಾಲಿಗೆ ಕೈ ಹಾಕುವ ಮೊದಲೇ ಶೀಟು ಕಿತ್ತು ಒಳಗೆ ಬಿತ್ತು. ನಾವು ಬಾಗಿಲಲ್ಲಿದ್ದದ್ದು ಪುಣ್ಯ. ಕೆಳಗೆ ಸಿಕ್ಕ ಎರಡು ಬಸ್ಸು ಅಪ್ಪಚ್ಚಿ. ಅಣ್ಣ ಇಡೀ ಬೇಸಿಗೆ ಮಾಡಿದ ದೊಡ್ಡ ಬಸ್ಸು, ಹುಣಸೂರಿನ ಸಭೆಗೆಂದೇ ಇಟ್ಟುಕೊಂಡಿದ್ದ ಕೆ.ಆರ್. ನಗರ–ಹ್ಯಾಂಡ್‌ಪೋಸ್ಟ್ ಎಕ್ಸ್‌ಪ್ರೆಸ್, ಅವುಗಳಲ್ಲೊಂದು. ಉಳಿದವುಗಳಲ್ಲೂ ಕೆಲವು ನೆನೆದು ಉಬ್ಬಿವೆ.

ಸಂಜೆ ಅಣ್ಣ ಬಂದ. ಹಜಾರದ ತುಂಬ ಬಸ್ಸು, ನಡುವೆ ಒದ್ದೆ ಕೂದಲಿನ ಮೂವರು ಹೆಂಗಸರು. "ಯಾರ್ಗೂ ಏಟಾಗಿಲ್ವಾ?" ಎಂದ. ಇಲ್ಲ ಎಂದೆ. ಡಾಕ್ಟರು ಬಿಟ್ಟ ಮೇಲೂ ಆ ದನಿಗೆ ನಾಚಿ ಸ್ಲೇಟಿನಲ್ಲೇ ಇದ್ದವಳು ಅವನಿಗೆ ಬಾಯಿಬಿಟ್ಟು ಹೇಳಿದ ಮೊದಲ ಮಾತು. ದನಿ ಕರ್ಕಶವಾಗಿತ್ತು, ಆದರೆ ಇತ್ತು. ಅವನು ತಲೆಯಾಡಿಸಿ ಶೆಡ್ಡಿಗೆ ಹೋದ.

ಮೇ 10, ಶನಿವಾರ

ಬೆಳಿಗ್ಗೆ ಶೆಡ್ಡಿಗೆ ಹೋಗಲು ಹೆದರಿಕೆಯಾಯಿತು. ಸಮಾಧಾನಕ್ಕೆ ಏನೇನು ಹೇಳಬೇಕೆಂದು ಯೋಚಿಸಿಕೊಂಡೇ ಹೋದೆ. ಅಣ್ಣ ಜಜ್ಜಿಹೋದ ಎಕ್ಸ್‌ಪ್ರೆಸ್ಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನಾನೂ ಪಕ್ಕದಲ್ಲಿ ಕೂತೆ. ಯೋಚಿಸಿಕೊಂಡದ್ದು ಒಂದೂ ಹೇಳಲಿಲ್ಲ.

ಕೊನೆಗೆ ಅವನೇ ಅಂದ: "ಟಯರೆಲ್ಲ ಚೆನ್ನಾಗವೆ."

ಆಮೇಲೆ ಚಾಕು ತೆಗೆದುಕೊಂಡು ಒಂದೊಂದೇ ಟಯರು ಬಿಚ್ಚತೊಡಗಿದ. ಒಂದು ಬೈಗುಳವಿಲ್ಲ, ನಿಟ್ಟುಸಿರಿಲ್ಲ. ಮಳೆಯನ್ನಾಗಲಿ ಮೊಳೆಯನ್ನಾಗಲಿ ದೂರಲಿಲ್ಲ. ನಾನು ತಿಂಗಳಿಂದ ಒಂದು ಗಂಟಲಿಗಾಗಿ ಎಷ್ಟು ಗೋಳಾಡಿದ್ದೇನೆ ಎಂದು ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ.

ಮೇ 17, ಶನಿವಾರ

ಡೈರಿ ಮುಟ್ಟಲು ಪುರುಸೊತ್ತಿಲ್ಲ. ಮಳೆ ಬಿದ್ದದ್ದರಿಂದ ಸಸಿ ನಾಟಿಯೂ ಶುರುವಾಗಿದೆ. ಅಣ್ಣ ಅತ್ತಿಗೆ ಬೆಳಗಿನಿಂದ ಹೊಲದಲ್ಲಿ. ಇಳಿಹೊತ್ತಿಗೆ ಬಂದು ಕೈಕಾಲು ತೊಳೆದು ಹೊಸ ಎಕ್ಸ್‌ಪ್ರೆಸ್ ಕಟ್ಟಲು ಕೂರುತ್ತಾರೆ. ಅತ್ತಿಗೆ ಸೀಟಿಗೆ ಹೊದಿಕೆ ಹೊಲಿಯುತ್ತಾರೆ. ಅವ್ವ ಫೋಮಿನ ಚೂರು ಗುಡಿಸುತ್ತ, "ಇದ್ಯಾವೂರ್ ಬಸ್ಸು?" ಎಂದು ಪ್ರತಿದಿನ ಕೇಳುತ್ತಾಳೆ. ಅಣ್ಣ ಪ್ರತಿದಿನ ಅವಳ ಕಿವಿಯ ಹತ್ತಿರ ಬಗ್ಗಿ ಬೇರೆ ಬೇರೆ ಊರು ಹೇಳುತ್ತಾನೆ.

ಬೋರ್ಡು ಬರೆಯುವ ಕೆಲಸ ನನಗೆ ಕೊಟ್ಟಿದ್ದಾನೆ. ಇವತ್ತು ಬಿಳಿಕೆರೆ, ರಾವಂದೂರು, ಪಿ.ಪಟ್ಣ ಮುಗಿದವು. ಅಕ್ಷರ ದುಂಡಗಿದೆ ಎಂದ.

ದನಿ ದಿನೇದಿನೇ ಗಟ್ಟಿಯಾಗುತ್ತಿದೆ ಎಂದು ಅತ್ತಿಗೆ ಹೇಳುತ್ತಾರೆ. ನನಗೆ ಗಮನವಿಲ್ಲ. ಸ್ವರ ನೋಡಿಕೊಳ್ಳಲು ಬೆಳಿಗ್ಗೆ "ಆ" ಅನ್ನುವುದನ್ನೂ ಎರಡು ದಿನದಿಂದ ಮರೆತಿದ್ದೇನೆ.

ಮೇ 25, ಭಾನುವಾರ

ಹುಣಸೂರಿಗೆ ಹೋಗಿ ಬಂದೆವು. ಊರಿನ ಗೂಡ್ಸ್ ಗಾಡಿಯ ಹಿಂದೆ ಹಾಸಿಗೆ ಹಾಸಿ, ಅದರ ಮೇಲೆ ಬಸ್ಸುಗಳನ್ನು ಕೂರಿಸಿಕೊಂಡು ಹೋದೆವು. ಚೌಟ್ರಿ ಸೇರಿದಾಗ ಅಣ್ಣನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಒಳಗೆ ಎಂಥ ಜನ! ಕೆ.ಆರ್. ನಗರದಿಂದ, ಕೋಟೆಯಿಂದ, ಹಾಸನದ ಕಡೆಯಿಂದಲೂ ಬಂದಿದ್ದರು. ಬಸ್ಸಿನ ಫೋಟೋ ಹಿಡಿಯುವವರು, ಹಾರನ್ ಕೇಳಿಯೇ ಗಾಡಿ ಹೇಳುವವರು, ನಿವೃತ್ತ ಡ್ರೈವರುಗಳು. ಅಣ್ಣನ ಬಸ್ಸುಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ ಕೂಡಲೇ ಬೇರೆ ಮೇಜುಗಳು ಖಾಲಿಯಾದವು. ಒಬ್ಬ ಮೇಜಿಗೆ ಕೆನ್ನೆಯಿಟ್ಟು ಬಸ್ಸಿನ ಅಡಿಭಾಗ ನೋಡಿ, "ಸ್ಪ್ರಿಂಗ್ ಪಟ್ಟಿನೂ ಕೂರ್ಸವ್ರೆ ಕಣ್ಲಾ!" ಎಂದು ಕೂಗಿದ.

ಸುನೀಲ್‌ಕುಮಾರ್ ಮೈಕು ತಂದು ಅಣ್ಣನ ಕೈಗಿಟ್ಟ. ಅಣ್ಣ ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡ. ಎಲ್ಲರೂ ಸುಮ್ಮನಾದರು. ಅಣ್ಣನೂ ಸುಮ್ಮನಿದ್ದ. ಯಾರೋ ಕೆಮ್ಮಿದರು. ಅಣ್ಣ ನನ್ನ ಕಡೆ ನೋಡಿದ.

ಸುನೀಲ್‌ಕುಮಾರನಿಗೂ ಅರ್ಥವಾಯಿತು. "ಅಕ್ಕ, ನೀವು ಟೀಚರಂತಲ್ವಾ? ನೀವೇ ನಾಕ್ ಮಾತು ಹೇಳ್ಬುಡಿ" ಎಂದ.

ಎದ್ದೆ. ಗಂಟಲು ಸರಿಯಾಗಿತ್ತು. ಹೇಳಬೇಕಾದದ್ದೆಲ್ಲ ಬಾಯಿಪಾಠವಾಗಿತ್ತು. ಮೈಕು ಬೇರೆ ಇತ್ತು, ಕೂಗುವ ಅಗತ್ಯವೂ ಇರಲಿಲ್ಲ. ಅಣ್ಣನ ಮುಖ ನೋಡಿದೆ. ಮತ್ತೆ ಕೂತುಬಿಟ್ಟೆ. "ಅವನು ಹೇಳ್ತಾನೆ, ಸ್ವಲ್ಪ ತಡೀರಿ" ಎಂದಷ್ಟೇ ಸುನೀಲ್‌ಕುಮಾರನಿಗೆ ಹೇಳಿದೆ.

ಅತ್ತಿಗೆ ನನ್ನ ತೊಡೆ ಚಿವುಟುತ್ತಿದ್ದರು. ನಾನು ಅಲುಗಲಿಲ್ಲ.

ಅಣ್ಣ ಮೈಕನ್ನು ಕೆಳಗಿಳಿಸಿ ಒಂದು ಬಸ್ಸನ್ನು ಎತ್ತಿಕೊಂಡ. ಅದರ ಪಕ್ಕೆ ಸ್ವಲ್ಪ ಉಬ್ಬಿತ್ತು, ಎಷ್ಟು ತಿದ್ದಿದರೂ ಹೋಗಿರಲಿಲ್ಲ. ಅದನ್ನೇ ನೋಡುತ್ತ, ಶೆಡ್ಡಿನಲ್ಲಿ ಮಾತಾಡುವಂತೆ ಶುರು ಮಾಡಿದ.

"ಗಾಳಿ ಬಂತು ಸೋಮಿ. ನಾನು ಊರಲ್ಲಿರ್ಲಿಲ್ಲ. ಇದು ನೆಂದು ಉಬ್ಬೋಗದೆ, ನೋಡಿ. ನಮ್ಮವ್ವ ಇದನ್ನ ಸೆರಗಲ್ಲಿ ಮುಚ್ಕಂಡು ತಂದ್ಲು. ಅವಳಿಗೆ ಕಿವಿ ಕೇಳಕಿಲ್ಲ. ಈ ಕಂಪನಿ ಓನರು ಅವಳೇ."

ಜನ ನಕ್ಕರು. ಆ ನಗು ಅವನನ್ನು ಹೆದರಿಸಲಿಲ್ಲ. ಹೊಸ ಎಕ್ಸ್‌ಪ್ರೆಸ್ಸನ್ನು ನೆಲಕ್ಕಿಳಿಸಿದ. ರಿಮೋಟು ಒತ್ತಿದ. ಅದು ಜನರ ಕಾಲುಗಳ ನಡುವಿನ ದಾರಿಯಲ್ಲಿ ಇಂಡಿಕೇಟರ್ ಹಾಕಿಕೊಂಡು ಹೊರಟಿತು. ಯಾರೋ ಒಬ್ಬರು ತಮಾಷೆಗೆ ಕೈ ಅಡ್ಡ ಹಿಡಿದರು. ಬಸ್ಸು ನಿಂತಿತು.

"ಯಾವೂರ್ಗೆ?" ಎಂದು ಅಣ್ಣ ಕಂಡಕ್ಟರ್ ದನಿಯಲ್ಲಿ ಕೇಳಿದ.

"ಹ್ಯಾಂಡ್‌ಪೋಸ್ಟ್!"

"ಹತ್ಕಳಿ, ಹತ್ಕಳಿ. ಒಳಕ್ ನಡೀರಿ. ರೈಟ್ ರೈಟ್!"

ಆಮೇಲೆ ಚೌಟ್ರಿಯ ತುಂಬ ಕೈಗಳು. ಎಲ್ಲರಿಗೂ ನಿಲ್ಲಿಸಿದ, ಎಲ್ಲರ ಊರೂ ಕೇಳಿದ. ಮುಂದಿನ ಸಾಲಿನಲ್ಲಿ ಒಬ್ಬ ಮುದುಕರು ಕೋಲೂರಿಕೊಂಡು ಕೂತಿದ್ದರು. ಕೈ ಎತ್ತದಿದ್ದರೂ ಅವರ ಹತ್ತಿರ ಬಸ್ಸು ನಿಂತಿತು. ಅವರು ಕಾಡಂಚಿನ ಒಂದು ಹಳ್ಳಿಯ ಹೆಸರು ಹೇಳಿ, "ನಮ್ಮೂರ್ಗೆ ಬಸ್ಸೇ ಇಲ್ವಲ್ಲಪ್ಪ" ಎಂದರು.

"ನಮ್ ಕಂಪನೀದು ಅದೆ ಕಣಜ್ಜ" ಎಂದ ಅಣ್ಣ. "ಬೆಳಿಗ್ಗೆ ಒಂದು ಓಯ್ತದೆ, ಸಂದೇಲಿ ಒಂದು ಬತ್ತದೆ. ನೀವು ಬರೋಗಂಟ ಹೊರಡಕಿಲ್ಲ."

ಯಾರೂ ನಗಲಿಲ್ಲ. ಮುದುಕರು ಕೈ ಚಾಚಿ ಬಸ್ಸಿನ ತಲೆಯನ್ನು ಕರುವಿನ ತಲೆ ಸವರುವಂತೆ ಸವರಿದರು. ನನ್ನ ಹಿಂದೆ ಯಾರೋ ಮೂಗು ಒರೆಸಿಕೊಂಡದ್ದು ಕೇಳಿಸಿತು.

ಅಲ್ಲಿ ನಿಂತಿದ್ದವನು ನನ್ನ ಅಣ್ಣ. ಒಂದೇ ಮನೆಯಲ್ಲಿ ಬೆಳೆದೆವು. ನಾನು ಸಿದ್ಧ ಮಾಡಿಕೊಂಡಿದ್ದ ಭಾಷಣದಲ್ಲಿ ಇದರ ಒಂದು ಮಾತೂ ಇರಲಿಲ್ಲ.

ಮೇ 30, ಶುಕ್ರವಾರ

ಕೆ.ಆರ್. ನಗರ. ಶಾಲೆ ಶುರುವಾಗಿದೆ. ಹೆಡ್‌ಮಾಸ್ಟರು ಗಂಟಲು ವಿಚಾರಿಸಿದರು, ಪರವಾಗಿಲ್ಲ ಎಂದೆ. ದನಿ ಮೊದಲಿನಷ್ಟಿಲ್ಲ. ಬಾಗಿಲು ಮುಚ್ಚಿಕೊಂಡರೆ ಕೊನೆಯ ಬೆಂಚಿಗೆ ಮುಟ್ಟುತ್ತದೆ.

ಎಂಟನೆಯ ತರಗತಿಗೆ ಹೊಸ ಮಕ್ಕಳು ಬಂದಿದ್ದಾರೆ. ಜಿಲ್ಲೆಯ ನಕ್ಷೆ ತೂಗುಹಾಕಿ ಪಾಠ ಶುರು ಮಾಡುವ ಮೊದಲು, ನಿಮ್ಮ ಊರು ಎಲ್ಲಿದೆ, ಬಂದು ತೋರಿಸಿ ಎಂದೆ. ಮೊದಲು ಎದ್ದವಳು ಪುಟ್ಟಲಕ್ಷ್ಮಿ ಎಂಬ ಹುಡುಗಿ. ನಕ್ಷೆಯ ಮುಂದೆ ಬಂದು ನಿಂತು, ಬೆರಳು ಮೇಲೆತ್ತಿ, ಎಲ್ಲೂ ಇಡಲಾರದೆ ನಿಂತೇ ಇದ್ದಳು. ಹಿಂದಿನವರು ಕಿಸಕಿಸ ಎಂದರು. ಕಾದೆ. ಆಮೇಲೆ ಅವಳು ತಿರುಗಿ, "ಇದ್ರಲ್ಲಿ ನಮ್ಮೂರು ಇಲ್ಲ ಮಿಸ್. ಆದ್ರೆ ದಾರಿ ಹೇಳ್ಲಾ?" ಎಂದಳು. ಹೇಳು ಎಂದೆ. ತೋಪು, ನೀರಿನ ಚಾನಲ್ಲು, ಮುರಿದ ಸೇತುವೆ, ನಾಯಿ ಇರುವ ಮನೆ, ಎಲ್ಲ ಹೇಳಿದಳು. ಅವಳು ಮುಗಿಸುವಷ್ಟರಲ್ಲಿ ಬೇರೆಯವರೂ ಎದ್ದು ಬಂದಿದ್ದರು.

ಬೆಲ್ ಹೊಡೆದರು. ಪಾಠ ಒಂದು ಸಾಲೂ ಆಗಲಿಲ್ಲ. ನಾಳೆ ಪಾಠ ಬೇಗ ಬೇಗ ಮುಗಿಸಬೇಕು. ಇನ್ನೂ ಅರ್ಧ ತರಗತಿಯ ಊರು ಕೇಳುವುದು ಉಳಿದಿದೆ.